ಮಲೆನಾಡಿನ ಹಳ್ಳಗಳಲ್ಲಿ ಸರಳೆ ಸಿಳ್ಳಾರವನ್ನು ಕಂಡುಕೊಳ್ಳುವುದು ಹೇಗೆ: ಬಯಲುಸೀಮೆಯವರಿಗೊಂದು ಕೈಪಿಡಿ

ದಾವಣಗೆರೆಯ ಭತ್ತದ ಗದ್ದೆಗಳಿಗೆ ನಾಲೆಯಲ್ಲಿ ಹರಿದು ಬರುವ ಭದ್ರೆಯ ನೀರು ಗಂಗಾಮೂಲದ ಕಾಡಿನಲ್ಲಿ ಹುಟ್ಟುತ್ತದೆ. ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ನಿಲ್ಲುವ ವೇದಾವತಿಯ ನೀರು ಬಾಬಾಬುಡನ್‌ಗಿರಿಯ ಸಾಲಿನಿಂದ ಇಳಿದು ಬರುತ್ತದೆ. ಈ ನೀರು ಇನ್ನೂ ನದಿಯೆಂಬ ಹೆಸರು ಪಡೆಯದೆ, ಬಂಡೆಯಿಂದ ಬಂಡೆಗೆ ಧುಮುಕುವ ಹಳ್ಳವಾಗಿರುವ ಜಾಗದಲ್ಲಿ, ಅದರ ದಡವನ್ನೇ ಮನೆ ಮಾಡಿಕೊಂಡು ಬಾಳುವ ಹಾಡುಹಕ್ಕಿಯೊಂದಿದೆ. ಕನ್ನಡದಲ್ಲಿ ಅದಕ್ಕೆ ಸರಳೆ ಸಿಳ್ಳಾರ ಎಂದು ಹೆಸರು. ಇಂಗ್ಲಿಷಿನವರು ಮಲಬಾರ್ ವಿಸ್ಲಿಂಗ್ ಥ್ರಷ್ ಎನ್ನುತ್ತಾರೆ. ಮುಂಗಾರಿನ ಬೆಳಗಿನ ಜಾವದಲ್ಲಿ ಅದರ ಸಿಳ್ಳೆಯನ್ನು ಒಮ್ಮೆ ಕೇಳಿದವರು, ಕತ್ತಲಲ್ಲಿ ಯಾರೋ ಮನುಷ್ಯರೇ ತಮ್ಮ ಪಾಡಿಗೆ ತಾವು ಹಾಡಿಕೊಂಡು ಹೋಗುತ್ತಿದ್ದಾರೆಂದು ನಂಬಿ ಕಿಟಕಿ ತೆರೆದು ನೋಡುವುದುಂಟು.

ದಾವಣಗೆರೆಯಲ್ಲಿ ಹುಟ್ಟಿ ಬೆಳೆದ ನನಗೆ ಈ ಹಕ್ಕಿ ಸುಲಭವಾಗಿ ಸಿಕ್ಕಲಿಲ್ಲ. ಮೊದಲ ಮೂರು ಸಲ ದುರ್ಬೀನು ಹಿಡಿದು ಹಳ್ಳದುದ್ದಕ್ಕೂ ನಡೆದು ಬಂದೆ. ಹಕ್ಕಿ ಕಾಣಲಿಲ್ಲ, ಹಾಡೂ ಕೇಳಲಿಲ್ಲ. ನಾಲ್ಕನೆಯ ಸಲ ಕಾಲು ಉಳುಕಿ ನಡೆಯಲಾಗದೆ, ಒಂದು ಬಂಡೆಯ ಮೇಲೆ ಸುಮ್ಮನೆ ಕುಳಿತಿದ್ದಾಗ ಅದು ತಾನಾಗಿಯೇ ಎದುರಿಗೆ ಬಂದು ಕುಳಿತಿತು. ಈ ಹಕ್ಕಿಯನ್ನು ಹುಡುಕುವ ಕೆಲಸ ಮುಖ್ಯವಾಗಿ ಕಿವಿಯದು, ಎರಡನೆಯದಾಗಿ ತಾಳ್ಮೆಯದು, ಕಣ್ಣಿನ ಸರದಿ ಬರುವುದು ಆಮೇಲೆ ಎಂಬುದು ಅಂದು ನನಗೆ ಮನದಟ್ಟಾಯಿತು. ಮುಂದೆ ಬರೆದಿರುವುದೆಲ್ಲ ಆ ಕ್ರಮವನ್ನೇ ಅನುಸರಿಸುತ್ತದೆ.

ಹೊರಡುವ ಮೊದಲು ಊರಿನಲ್ಲೇ ಕಿವಿಯನ್ನು ಹದಗೊಳಿಸಿಕೊಳ್ಳಿ

ಬಯಲುಸೀಮೆಯ ಕಿವಿ ಒಮ್ಮೆಲೇ ಮಲೆನಾಡಿನ ಸದ್ದಿಗೆ ಹೊಂದಿಕೊಳ್ಳುವುದಿಲ್ಲ. ಅಲ್ಲಿ ನೀರಿನ ಮೊರೆತ, ಮರದಿಂದ ತೊಟ್ಟಿಕ್ಕುವ ಹನಿ, ಕಪ್ಪೆಗಳ ವಟಗುಟ್ಟುವಿಕೆ, ಜೀರುಂಡೆಗಳ ಝೇಂಕಾರ ಎಲ್ಲವೂ ಒಟ್ಟಿಗೆ ಬರುತ್ತವೆ. ಆದುದರಿಂದ ಮಾರ್ಚ್ ತಿಂಗಳಿನಿಂದಲೇ ಮನೆಯ ಸುತ್ತಮುತ್ತ ಮಡಿವಾಳ ಹಕ್ಕಿಯ ಹಾಡನ್ನು ಗಮನವಿಟ್ಟು ಕೇಳುವುದನ್ನು ರೂಢಿ ಮಾಡಿಕೊಳ್ಳಿ. ಕಪ್ಪು ಬಿಳುಪಿನ ಈ ಹಕ್ಕಿ ನಮ್ಮ ಬಡಾವಣೆಗಳ ತೆಂಗಿನ ಗರಿಯ ಮೇಲೋ ಟಿವಿ ಆಂಟೆನಾದ ತುದಿಯಲ್ಲೋ ಕುಳಿತು ನಸುಕಿನಲ್ಲೇ ಹಾಡತೊಡಗುತ್ತದೆ. ಅದು ಸರಳೆ ಸಿಳ್ಳಾರದ ದೂರದ ಬಂಧುವೇ ಹೌದು: ಹಿಂದೆ ಸಿಳ್ಳಾರಗಳ ಕುಟುಂಬದಲ್ಲಿಟ್ಟಿದ್ದ ಸರಳೆ ಸಿಳ್ಳಾರವನ್ನು ಈಗ ಮಡಿವಾಳ ಹಕ್ಕಿಗಳಿರುವ ನೊಣಹಿಡುಕಗಳ ಕುಟುಂಬಕ್ಕೆ ಸೇರಿಸಿದ್ದಾರೆ. ಮಡಿವಾಳನ ಹಾಡು ಬಿಡಿ ಬಿಡಿಯಾದ ಚುಟುಕು ಸಾಲುಗಳಾಗಿ ಬರುತ್ತದೆ. ಒಂದು ಸಾಲು ಮುಗಿದ ಮೇಲೆ ತುಸು ಬಿಡುವು, ಮತ್ತೆ ಇನ್ನೊಂದು ಸಾಲು. ಈ ರಚನೆಯನ್ನು ಕಿವಿ ಚೆನ್ನಾಗಿ ಹಿಡಿದರೆ, ಮುಂದೆ ಸಿಳ್ಳಾರದ ಹಾಡು ಅದಕ್ಕಿಂತ ಹೇಗೆ ಬೇರೆ ಎಂಬುದು ಯಾರೂ ಹೇಳಿಕೊಡದೆ ತಿಳಿಯುತ್ತದೆ.

ಮೊಬೈಲಿನಲ್ಲಿ ಮರ್ಲಿನ್ ಎಂಬ ಆ್ಯಪ್ ಹಾಕಿಕೊಂಡು ಧ್ವನಿಮುದ್ರಣಗಳನ್ನು ಮನೆಯಲ್ಲಿ ಕೇಳಬಹುದು. ಆದರೆ ಆ ಮುದ್ರಣವನ್ನು ಹಳ್ಳದ ದಡದಲ್ಲಿ ಗಟ್ಟಿಯಾಗಿ ನುಡಿಸಬಾರದು. ನಾನೂ ಆರಂಭದ ವರ್ಷಗಳಲ್ಲಿ ಒಮ್ಮೆ ಹಾಗೆ ಮಾಡಿದ್ದೆ. ಹಾಡುತ್ತಿದ್ದ ಹಕ್ಕಿ ಥಟ್ಟನೆ ನಿಲ್ಲಿಸಿ, ನನ್ನ ತಲೆಯ ಮೇಲಿನಿಂದ ಚೀರುತ್ತಾ ಎರಡು ಸಲ ಹಾರಿ, ಆ ಬೆಳಗೆಲ್ಲ ಮತ್ತೆ ಹಾಡಲಿಲ್ಲ. ತನ್ನ ಹಳ್ಳಕ್ಕೆ ಹೊಸ ಗಂಡೊಂದು ನುಗ್ಗಿದೆ ಎಂದು ಅದು ತಿಳಿದಿರಬೇಕು. ಮರಿ ಸಾಕುವ ಕಾಲದಲ್ಲಿ ಹಕ್ಕಿಗೆ ಅಂಥ ಗಾಬರಿ ಕೊಡುವುದು ಅದರ ಹೊತ್ತನ್ನೂ ಕಸುವನ್ನೂ ಕದ್ದಂತೆ. ಅಂದಿನ ನನ್ನ ತಪ್ಪು ಇಂದಿಗೂ ಮನಸ್ಸನ್ನು ಚುಚ್ಚುತ್ತದೆ.

ಯಾವಾಗ, ಎಲ್ಲಿಗೆ

ಪಶ್ಚಿಮ ಘಟ್ಟಗಳುದ್ದಕ್ಕೂ ಈ ಹಕ್ಕಿ ವರ್ಷವಿಡೀ ನೆಲೆಸಿರುತ್ತದೆ. ಮಧ್ಯ ಭಾರತದ ಸಾತ್ಪುರ ಬೆಟ್ಟಗಳಲ್ಲೂ ಪೂರ್ವಘಟ್ಟದ ಕೆಲವೆಡೆಗಳಲ್ಲೂ ಇದೆ. ಆದರೆ ಬೇಸಿಗೆಯಲ್ಲಿ ಹೊರಟರೆ ನೀರಿಳಿದ ಹಳ್ಳದಲ್ಲಿ ಅದರ ತೀಕ್ಷ್ಣವಾದ ಕೂಗು ಮಾತ್ರ ಕೇಳಬಹುದು, ಪೂರ್ಣ ಹಾಡು ಸಿಗುವುದು ಅಪರೂಪ. ನಮ್ಮ ಮಳೆ ನಕ್ಷತ್ರಗಳ ಲೆಕ್ಕದಲ್ಲಿ ಹೇಳುವುದಾದರೆ, ರೋಹಿಣಿಯ ಕೊನೆಯಿಂದ ಆಶ್ಲೇಷದವರೆಗೆ, ಅಂದರೆ ಜೂನ್ ಮೊದಲ ವಾರದಿಂದ ಆಗಸ್ಟ್ ನಡುವಿನವರೆಗೆ, ಹಾಡು ಅತ್ಯಂತ ತುಂಬಿ ಬರುವ ಕಾಲ. ಮೃಗಶಿರ ಮಳೆ ಹಿಡಿದು ಹಳ್ಳಗಳು ಕೆಂಪಗೆ ಏರಿದ ಮೇಲೆ ಹಕ್ಕಿಯೂ ಬಾಯಿ ಬಿಡುತ್ತದೆ ಎಂದು ನೆನಪಿಟ್ಟುಕೊಂಡರೆ ಸಾಕು.

ದಾವಣಗೆರೆಯವರಿಗೆ ಅತಿ ಹತ್ತಿರದ ದಾರಿ ಚನ್ನಗಿರಿ, ತರೀಕೆರೆಗಳ ಮೇಲಿನದು. ಅಲ್ಲಿಂದ ಲಿಂಗದಹಳ್ಳಿ ದಾಟಿದರೆ ಕಲ್ಲತ್ತಿಗಿರಿ, ಮೇಲೆ ಕೆಮ್ಮಣ್ಣುಗುಂಡಿ. ರೈಲಿನಲ್ಲಿ ಬರುವವರು ಬೀರೂರಿನಲ್ಲಿ ಇಳಿದು ತರೀಕೆರೆಯತ್ತ ಬಸ್ಸು ಹಿಡಿಯಬಹುದು. ಚಿತ್ರದುರ್ಗದವರಿಗೆ ಹೊಳಲ್ಕೆರೆ, ಹೊಸದುರ್ಗದ ಕಡೆಯಿಂದಲೂ ದಾರಿಯಿದೆ. ಹೆಚ್ಚು ಸಮಯವುಳ್ಳವರು ಶಿವಮೊಗ್ಗ, ತೀರ್ಥಹಳ್ಳಿ ದಾಟಿ ಆಗುಂಬೆಗೆ ಹೋಗಬೇಕು. ವರ್ಷಕ್ಕೆ 600ರಿಂದ 700 ಮಿಲಿಮೀಟರ್ ಮಳೆಯನ್ನೇ ಒಳ್ಳೆಯ ಮಳೆಯೆಂದುಕೊಳ್ಳುವ ನಮಗೆ, 7000 ಮಿಲಿಮೀಟರ್ ದಾಟುವ ಆಗುಂಬೆಯ ಮಳೆಯಲ್ಲಿ ನಿಲ್ಲುವುದೇ ಒಂದು ಪಾಠ.

ಪ್ರಸಿದ್ಧ ಜಲಪಾತದ ಬುಡಕ್ಕೆ ಹೋಗಿ ನಿಲ್ಲಬೇಕೆಂದೇನೂ ಇಲ್ಲ. ಅಲ್ಲಿ ಜನಸಂದಣಿಯೂ ಹೆಚ್ಚು, ನೀರಿನ ಅಬ್ಬರವೂ ಹೆಚ್ಚು. ಹಾಡು ಕಿವಿಗೆ ಬೀಳುವುದಿಲ್ಲ. ಆಯ್ದುಕೊಳ್ಳಬೇಕಾದುದು ಜಲಪಾತಕ್ಕಿಂತ ತುಸು ಮೇಲೆ ಅಥವಾ ಕೆಳಗೆ, ಮರಗಳ ನೆರಳು ಕೂಡಿಕೊಂಡಿರುವ, ಹಳ್ಳದ ನಡುವೆ ನೀರಿನಿಂದ ಮೇಲೆದ್ದ ಕಪ್ಪು ಬಂಡೆಗಳಿರುವ ಜಾಗವನ್ನು. ಆ ಬಂಡೆಗಳ ಮೇಲೆ ಬಿಳಿಯ ಹಿಕ್ಕೆ, ಏಡಿಯ ಮುರಿದ ಕಾಲು, ಚಿಪ್ಪಿನ ಚೂರು ಬಿದ್ದಿದೆಯೇ ಎಂದು ಹಿಂದಿನ ದಿನ ಸಂಜೆಯೇ ನೋಡಿಟ್ಟುಕೊಳ್ಳಿ. ಏಡಿ ತಿನ್ನುವ ಪ್ರಾಣಿಗಳು ಬೇರೆಯೂ ಇವೆಯಾದರೂ, ಒಂದೇ ಬಂಡೆಯ ಮೇಲೆ ಹಿಕ್ಕೆಯೂ ಏಡಿಯ ಚೂರೂ ಕಂಡರೆ ಅದು ಕಾದು ಕೂರಲು ತಕ್ಕ ಜಾಗ. ಘಟ್ಟದ ರಸ್ತೆಯ ಮೋರಿಗಳನ್ನೂ ಕಡೆಗಣಿಸಬೇಡಿ. ವಾಹನಗಳ ಓಡಾಟ ಶುರುವಾಗುವ ಮುನ್ನ ಸಿಳ್ಳಾರ ರಸ್ತೆಗೇ ಇಳಿದು, ಮಳೆಗೆ ಹೊರಬಂದ ಎರೆಹುಳುಗಳನ್ನು ಆರಿಸಿಕೊಳ್ಳುತ್ತಿರುತ್ತದೆ.

ನಸುಕಿನಲ್ಲಿ ಕುಳಿತುಕೊಳ್ಳುವ ಬಗೆ

ಜೂನ್ ತಿಂಗಳಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಸುಮಾರು ಆರು ಗಂಟೆಗೆ. ಹಾಡು ಅದಕ್ಕೂ ಅರ್ಧ ಮುಕ್ಕಾಲು ಗಂಟೆ ಮೊದಲೇ ಆರಂಭವಾಗುವುದರಿಂದ ಐದೂಕಾಲಿಗೆ ಕಿವಿ ತೆರೆದು ಕುಳಿತಿರಬೇಕು. ಆ ಕತ್ತಲಲ್ಲಿ ಕಾಡಿನ ಹಳ್ಳಕ್ಕೆ ಇಳಿಯುವುದು ಮಾತ್ರ ಬೇಡ. ಬಂಡೆಗಳ ಮೇಲೆ ಪಾಚಿ ಜಾರುತ್ತಿರುತ್ತದೆ, ಮೇಲೆಲ್ಲೋ ಸುರಿದ ಮಳೆಗೆ ಹಳ್ಳ ಇದ್ದಕ್ಕಿದ್ದಂತೆ ಏರುತ್ತದೆ, ಭದ್ರಾ ಕಾಡಿನ ಅಂಚಿನಲ್ಲಿ ಆನೆಗಳೂ ಓಡಾಡುತ್ತವೆ. ಹಳ್ಳದ ಸದ್ದು ಕೇಳುವಷ್ಟು ಹತ್ತಿರದ ಮನೆಯೊಂದರಲ್ಲಿ ತಂಗಿ, ಮೊದಲ ಹಾಡನ್ನು ಜಗಲಿಯಿಂದಲೇ ಕೇಳಿ, ಕಣ್ಣಿಗೆ ದಾರಿ ಕಾಣುವಷ್ಟು ಬೆಳಕಾದ ಮೇಲೆ ಇಳಿಯುವುದು ಸರಿಯಾದ ಕ್ರಮ. ಈ ಹಕ್ಕಿ ತೋಟದ ಮನೆಗಳ ಸನಿಹಕ್ಕೂ ಸಂಕೋಚವಿಲ್ಲದೆ ಬರುವುದರಿಂದ ಜಗಲಿಯಲ್ಲಿ ಕುಳಿತವರಿಗೂ ನಷ್ಟವೇನಿಲ್ಲ. ಅರಣ್ಯ ಇಲಾಖೆಯ ಅನುಮತಿ ಬೇಕಾದ ಕಡೆಗೆ ಅನುಮತಿ ಪಡೆದೇ ಹೋಗಬೇಕು.

ಇಂಬಳಗಳ ಬಗ್ಗೆ ಬಯಲುಸೀಮೆಯವರಿಗೆ ಇರುವ ಹೆದರಿಕೆ ದೊಡ್ಡದು, ಅಪಾಯ ಚಿಕ್ಕದು. ಮೊಣಕಾಲಿನವರೆಗೆ ಬರುವ ದಟ್ಟ ನೇಯ್ಗೆಯ ಕಾಲುಚೀಲ ಹಾಕಿಕೊಂಡು, ನೆಲದ ಬದಲು ಬಂಡೆಯ ಮೇಲೆ ಕುಳಿತರೆ ಮುಕ್ಕಾಲು ಕಾಟ ತಪ್ಪುತ್ತದೆ. ಬಟ್ಟೆ ಹಸಿರೋ ಕಂದೋ ಇರಲಿ. ಕೊಡೆಗಿಂತ ರೇನ್‌ಕೋಟು ಮೇಲು, ಏಕೆಂದರೆ ಕೊಡೆಯ ಮೇಲೆ ಬೀಳುವ ಹನಿಗಳ ಸದ್ದು ಹಾಡನ್ನು ಪೂರ್ತಿ ನುಂಗಿಬಿಡುತ್ತದೆ.

ಮೊದಲು ಕೇಳಿಬರುವುದು ಒಂದು ಸಪೂರ ಸಿಳ್ಳೆ, ಯಾರೋ ತುಟಿ ಕೂಡಿಸಿ ಪರೀಕ್ಷಿಸಿದಂತೆ. ಸ್ವಲ್ಪ ಮೌನ. ಆಮೇಲೆ ಇನ್ನೊಂದು ಸ್ವರ, ಅದಕ್ಕಿಂತ ಕೆಳಗಿನದು. ಹೀಗೆ ತಡವರಿಸುತ್ತಾ ಆರಂಭವಾದ ಹಾಡು ನಿಧಾನವಾಗಿ ಬಿಚ್ಚಿಕೊಂಡು, ಏರಿ, ಇಳಿದು, ಒಂದು ರಾಗದ ದಾರಿ ಹಿಡಿಯಿತು ಎಂದು ನಾವು ಅಂದುಕೊಳ್ಳುವ ಹೊತ್ತಿಗೆ ಅದನ್ನು ಅಲ್ಲಿಗೇ ಬಿಟ್ಟು ಬೇರೊಂದು ತಿರುವು ತೆಗೆದುಕೊಂಡು, ಹಲವು ನಿಮಿಷಗಳ ಕಾಲ ಹಾಗೆಯೇ ಹರಿಯುತ್ತಾ ಹೋಗುತ್ತದೆ. ಮಡಿವಾಳನ ಚುಟುಕು ಸಾಲುಗಳ ಲೆಕ್ಕಾಚಾರ ಇದರಲ್ಲಿಲ್ಲ. ದನ ಹೊಡೆದುಕೊಂಡು ಹೋಗುವ ಹುಡುಗ ತನಗೆ ತೋಚಿದಂತೆ ಸಿಳ್ಳೆ ಹಾಕಿಕೊಂಡು ಹೋಗುವಂಥ ನಿರಾಳತೆ ಅದರಲ್ಲಿದೆ. ಅದಕ್ಕೇ ಇಂಗ್ಲಿಷರು ಇದನ್ನು ಸಿಳ್ಳೆ ಹಾಕುವ ಶಾಲಾ ಹುಡುಗ ಎಂದು ಕರೆದದ್ದು, ಮಲಯಾಳಿಗಳು ಚೂಳಕ್ಕಾಕ್ಕ, ಅಂದರೆ ಸಿಳ್ಳೆಯ ಕಾಗೆ ಎಂದು ಕರೆಯುವುದು. ನನಗಂತೂ ಕಾಗೆ ಎಂಬ ಮಾತು ಇದರ ಬಣ್ಣಕ್ಕೆ ಒಪ್ಪೀತೇ ಹೊರತು ಕಂಠಕ್ಕಲ್ಲ ಎನ್ನಿಸುತ್ತದೆ.

ಹಾಡಿನಷ್ಟೇ ಮುಖ್ಯವಾದುದು ಕೂಗು. ಹಳ್ಳದ ಮೇಲೆ ಹಾರುವಾಗ ಅಥವಾ ಬೆದರಿದಾಗ ಈ ಹಕ್ಕಿ ಕಿರ್ರೀ ಎಂದು, ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದಂತೆ, ಒಂದೇ ಉಸಿರಿನಲ್ಲಿ ಚೀರುತ್ತದೆ. ಇಷ್ಟು ಇಂಪಾಗಿ ಹಾಡುವ ಕಂಠದಿಂದಲೇ ಇದು ಹೊರಟಿತೆಂದರೆ ಮೊದಲು ನಂಬಿಕೆ ಬರುವುದಿಲ್ಲ. ನೀರಿನ ಮೊರೆತದ ಬಲವೆಲ್ಲ ಹೆಚ್ಚಾಗಿ ಕೆಳ ಸ್ಥಾಯಿಯಲ್ಲಿರುವುದರಿಂದ ಮೇಲಿನ ಸ್ಥಾಯಿಯ ಈ ಚೀರು ಅದರಲ್ಲಿ ಮುಳುಗದೆ ದೂರದವರೆಗೂ ತಲುಪುತ್ತದೆ. ಹಗಲು ಹೊತ್ತಿನಲ್ಲಿ ಹಕ್ಕಿಯನ್ನು ಪತ್ತೆ ಹಚ್ಚುವುದು ಬಹುಪಾಲು ಈ ಕೂಗಿನಿಂದಲೇ. ಕೂಗು ಕೇಳಿದ ಕೂಡಲೇ ತಲೆಯೆತ್ತಿ ಮರಗಳನ್ನು ಹುಡುಕಬೇಡಿ; ನೀರಿನ ಮಟ್ಟದಲ್ಲೇ, ಹಳ್ಳದ ಮೇಲ್ಗಡೆಯೋ ಕೆಳಗಡೆಯೋ ಹಾರಿ ಹೋಗುವ ಕಪ್ಪು ನೆರಳನ್ನು ಕಣ್ಣಿನಿಂದ ಹಿಂಬಾಲಿಸಿ.

ಒಂದು ಎಚ್ಚರಿಕೆಯ ಮಾತು: ಭೀಮರಾಜ ಹಕ್ಕಿ ಕಾಡಿನ ಅನೇಕ ಹಕ್ಕಿಗಳ ದನಿಯನ್ನು ಅನುಕರಿಸಬಲ್ಲದು. ಸಿಳ್ಳೆಯ ನಡುನಡುವೆ ಗಿಡುಗದ ಕೂಗು, ಬೇರೆ ಹಕ್ಕಿಗಳ ಚಿಲಿಪಿಲಿ ಬೆರೆತು ಬಂದರೆ, ಅದೂ ಎತ್ತರದ ಕೊಂಬೆಯಿಂದ ಬಂದರೆ, ಅನುಮಾನಪಡಬೇಕು.

ಕಣ್ಣಿಗೆ ಬಿದ್ದಾಗ ನೋಡಬೇಕಾದುದು

ಗಾತ್ರದಲ್ಲಿ ಇದು ನಮ್ಮೂರಿನ ಗೊರವಂಕದಷ್ಟಿದೆ, ಉದ್ದ ಸುಮಾರು 25 ಸೆಂಟಿಮೀಟರ್, ಆದರೆ ನಿಲುವು ಗಟ್ಟಿಮುಟ್ಟು, ಕಾಲುಗಳು ಉದ್ದ. ಮಂದ ಬೆಳಕಿನಲ್ಲಿ ಮೈಯೆಲ್ಲ ಮಸಿಗಪ್ಪು. ಕೊಕ್ಕು ಕಪ್ಪು, ಕಾಲು ಕಪ್ಪು. ಬಿಸಿಲಿನ ಒಂದು ಕೋಲು ಓರೆಯಾಗಿ ಬಿದ್ದರೆ ಮಾತ್ರ ಹಣೆಯ ಮೇಲೊಂದು, ಭುಜಗಳ ಮೇಲೊಂದೊಂದು ಕಡುನೀಲಿ ಮಚ್ಚೆ ಹೊತ್ತಿಕೊಂಡಂತೆ ಹೊಳೆಯುತ್ತದೆ, ರೆಕ್ಕೆ ಬಾಲಗಳಲ್ಲೂ ನೀಲಿ ಮಿನುಗುತ್ತದೆ. ಅದು ಗರಿಯೊಳಗಿನ ಬಣ್ಣದ ದ್ರವ್ಯದಿಂದ ಬಂದದ್ದಲ್ಲ, ಗರಿಯ ಸೂಕ್ಷ್ಮ ರಚನೆ ಬೆಳಕನ್ನು ಚದುರಿಸುವುದರಿಂದ ಹುಟ್ಟುವ ನೀಲಿ. ಆದ್ದರಿಂದಲೇ ಹಕ್ಕಿ ಒಂದಿಷ್ಟು ಹೊರಳಿದರೆ ಆರಿಹೋಗುತ್ತದೆ. ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ಕುಳಿತರೆ ಈ ನೀಲಿ ಸಿಗುವ ಸಂಭವ ಹೆಚ್ಚು. ಗಂಡು ಹೆಣ್ಣುಗಳಲ್ಲಿ ನೋಟಕ್ಕೆ ವ್ಯತ್ಯಾಸವಿಲ್ಲ. ಕಂದು ಮೈಯ, ಹಣೆಯಲ್ಲಿ ನೀಲಿಯಿಲ್ಲದ ಹಕ್ಕಿ ಕಂಡರೆ ಅದು ಎಳೆಯದು.

ಈ ಹಕ್ಕಿಯನ್ನು ಮೊದಲ ಬಾರಿಗೆ ವೈಜ್ಞಾನಿಕವಾಗಿ ವಿವರಿಸಿದವರು ನಿಕೋಲಸ್ ವಿಗರ್ಸ್, 1831ರಲ್ಲಿ. ಮಯೋಫೋನಸ್ ಹಾರ್ಸ್‌ಫೀಲ್ಡೈ ಎಂಬ ಹೆಸರಿನ ಎರಡನೆಯ ಭಾಗ ಜಾವಾದಲ್ಲಿ ಕೆಲಸ ಮಾಡಿದ್ದ ನಿಸರ್ಗ ವಿಜ್ಞಾನಿ ಥಾಮಸ್ ಹಾರ್ಸ್‌ಫೀಲ್ಡ್ ಅವರ ನೆನಪಿಗೆ ಇಟ್ಟದ್ದು. ಹಿಮಾಲಯಕ್ಕೆ ಪ್ರವಾಸ ಹೋದವರು ಅಲ್ಲಿನ ತೊರೆಗಳಲ್ಲಿ ಕಾಣುವುದು ಇದರ ದಾಯಾದಿಯನ್ನು. ಅದರ ಕೊಕ್ಕು ಹಳದಿ, ಮೈಮೇಲೆಲ್ಲ ನೀಲಿ ಚುಕ್ಕಿ ಎರಚಿದಂತಿರುತ್ತದೆ.

ಬಣ್ಣಕ್ಕಿಂತ ನಡವಳಿಕೆ ನಂಬಲರ್ಹ ಗುರುತು. ಬಂಡೆಯ ಮೇಲೆ ಇಳಿದೊಡನೆ ಬಾಲವನ್ನು ಬೀಸಣಿಗೆಯಂತೆ ಅರಳಿಸಿ, ಮೇಲೆ ಕೆಳಗೆ ತೂಗಿ, ಮಡಚುತ್ತದೆ. ಜಿಗಿಜಿಗಿದು ಹೋಗಿ, ಥಟ್ಟನೆ ನಿಂತು, ತಲೆ ವಾಲಿಸಿ ನೀರಿನಂಚನ್ನು ಪರೀಕ್ಷಿಸುತ್ತದೆ. ಕೆಮ್ಮಣ್ಣುಗುಂಡಿಯ ಇಳಿಜಾರಿನ ಹಳ್ಳವೊಂದರಲ್ಲಿ ನಾನು ನೋಡಿದ್ದನ್ನು ಹೇಳುತ್ತೇನೆ. ಪುನರ್ವಸು ಮಳೆ ತುಸು ಹೊಳವಾದ ಬೆಳಗು. ಹಕ್ಕಿ ಬಂಡೆಯ ಬುಡದ ಕೊಳೆತ ಎಲೆಗಳನ್ನು ಕೊಕ್ಕಿನಿಂದ ಒಂದೊಂದಾಗಿ ಹೊರಳಿಸುತ್ತಾ ಬಂದು, ಹೆಬ್ಬೆರಳಿನಷ್ಟು ಅಗಲದ ಏಡಿಯೊಂದನ್ನು ಕಾಲು ಹಿಡಿದು ಎಳೆಯಿತು. ಏಡಿ ಕೊಂಡಿಯೆತ್ತಿ ನಿಂತಿತು. ಹಕ್ಕಿ ಒಂದು ಹೆಜ್ಜೆ ಹಿಂದೆ ಸರಿದು, ಪಕ್ಕದಿಂದ ಬಂದು, ಕಾಲನ್ನೇ ಮತ್ತೆ ಕಚ್ಚಿ, ತಲೆಯನ್ನು ಎಡಕ್ಕೂ ಬಲಕ್ಕೂ ಬೀಸಿ ಬಂಡೆಗೆ ಅಪ್ಪಳಿಸಿತು. ಕಾಲು ಕಳಚಿ ಕೈಗೆ ಬಂದಂತೆ ಕೊಕ್ಕಿನಲ್ಲಿ ಉಳಿಯಿತು, ಏಡಿ ಉರುಳಿತು. ಹಕ್ಕಿ ಕಾಲನ್ನು ಉಗುಳಿ, ಮತ್ತೆ ಹಿಡಿದು, ಮತ್ತೆ ಅಪ್ಪಳಿಸಿ, ಕೊಂಡಿಗಳೆರಡೂ ಉದುರಿದ ಮೇಲೆ ಹೊಟ್ಟೆಯ ಭಾಗವನ್ನು ಮೇಲ್ಮಾಡಿ ಕುಕ್ಕಿ ತಿಂದಿತು. ಎಲ್ಲವೂ ನಾಲ್ಕೈದು ನಿಮಿಷದ ಕೆಲಸ. ಆಮೇಲೆ ಕೊಕ್ಕನ್ನು ಬಂಡೆಗೆ ಆ ಕಡೆ ಈ ಕಡೆ ಉಜ್ಜಿ, ಪಕ್ಕದ ಗುಂಡಿಯಲ್ಲಿಳಿದು ರೆಕ್ಕೆ ಬಡಿದು ಮಿಂದು, ಮೈ ಕೊಡವಿಕೊಂಡು ಹೋಯಿತು. ಬಂಡೆಯ ಮೇಲೆ ಉಳಿದ ಆರು ಕಾಲುಗಳನ್ನು ನಾನು ಎಣಿಸಿದೆ. ಏಡಿಯಲ್ಲದೆ ಕೀಟ, ಎರೆಹುಳು, ಪುಟ್ಟ ಕಪ್ಪೆ, ಕಾಡುಹಣ್ಣುಗಳೂ ಇದರ ಆಹಾರ. ಹೀಗೆ ಒಂದು ಹಳ್ಳದಲ್ಲಿ ಈ ಹಕ್ಕಿ ನೆಲೆಸಬೇಕಾದರೆ ನೀರಿನೊಡನೆ ಏಡಿ, ಕಪ್ಪೆ, ನೆರಳಿನ ಮರ, ಕೊಳೆಯುವ ಎಲೆ ಎಲ್ಲವೂ ಇರಬೇಕಾಗುತ್ತದೆ. ಸಾಬೂನಿನ ನೊರೆ ತೇಲುವ ಗುಂಡಿಗಳ ಬಳಿ ನಾನು ಇದನ್ನು ಒಮ್ಮೆಯೂ ಕಂಡಿಲ್ಲ.

ಗೂಡಿನ ಬಳಿ

ಇದು ಗೂಡು ಕಟ್ಟುವುದು ಮುಖ್ಯವಾಗಿ ಮಳೆಗಾಲದಲ್ಲೇ. ಬಂಡೆಯ ಸೀಳು, ಚಾಚಿದ ಕಲ್ಲಿನ ಅಡಿ, ಕೆಲವೊಮ್ಮೆ ಬೀಳುವ ನೀರಿನ ಹಿಂಬದಿ, ಇಂಥ ಕಡೆ ಬೇರು, ಪಾಚಿ, ಹುಲ್ಲುಗಳನ್ನು ಒಟ್ಟಿ ಬಟ್ಟಲಿನಂಥ ದಪ್ಪ ಗೂಡು ಮಾಡುತ್ತದೆ. ಪಾಳುಬಿದ್ದ ಕಟ್ಟಡದ ತೊಲೆಯ ಮೇಲೆ ಕಟ್ಟುವುದೂ ಉಂಟು. ಎರಡರಿಂದ ನಾಲ್ಕು ಮೊಟ್ಟೆ, ನಸುಗೆಂಪು ಮೈಗೆ ಕಂದು ಚುಕ್ಕಿ. ಗಂಡು ಹೆಣ್ಣುಗಳೆರಡೂ ಸರದಿಯಲ್ಲಿ ಕಾವು ಕೊಟ್ಟು 16ರಿಂದ 17 ದಿನಗಳಲ್ಲಿ ಮರಿ ಮಾಡಿ, ಇಬ್ಬರೂ ಗುಟುಕು ತರುತ್ತಾರೆ.

ಗೂಡನ್ನು ಹುಡುಕಿಕೊಂಡು ಹೋಗಬೇಡಿ ಎಂಬುದು ನನ್ನ ಖಚಿತ ಮಾತು. ಅಕಸ್ಮಾತ್ತಾಗಿ ಹತ್ತಿರ ಹೋಗಿಬಿಟ್ಟರೆ ತಿಳಿಯುವ ಬಗೆ ಸುಲಭ: ಕೊಕ್ಕಿನಲ್ಲಿ ಆಹಾರ ಹಿಡಿದ ಹಕ್ಕಿ ಅದನ್ನು ನುಂಗದೆ, ಹಾರಿಯೂ ಹೋಗದೆ, ಒಂದೇ ಜಾಗದಲ್ಲಿ ಬಾಲ ತೂಗುತ್ತಾ ಮೇಲಿಂದ ಮೇಲೆ ಚೀರುತ್ತಿದ್ದರೆ ನೀವು ಅದರ ಮನೆ ಬಾಗಿಲಲ್ಲಿ ನಿಂತಿದ್ದೀರಿ ಎಂದರ್ಥ. ಬಂದ ದಾರಿಯಲ್ಲೇ ಕೂಡಲೇ ಹಿಂದೆ ಸರಿಯಬೇಕು. ಫೋಟೊ ಆಸೆಗೆ ನಾನೊಮ್ಮೆ ಹಾಳು ಪಂಪುಮನೆಯ ಎದುರು ಇಪ್ಪತ್ತು ನಿಮಿಷ ನಿಂತಿದ್ದೆ. ಕಪ್ಪೆಮರಿ ಕಚ್ಚಿಕೊಂಡ ತಾಯಿಯೋ ತಂದೆಯೋ ಸುರಿವ ಮಳೆಯಲ್ಲಿ ಅಷ್ಟೂ ಹೊತ್ತು ತಂತಿಯ ಮೇಲೆ ಕಾದಿತ್ತು. ನಾನು ಹೊರಳಿದ ಮರುಕ್ಷಣ ಒಳಗೆ ಹೋಯಿತು, ಒಳಗಿನಿಂದ ಮರಿಗಳ ಸದ್ದು ಕೇಳಿತು. ಹಿಂದೆ ಈ ಹಕ್ಕಿಯ ಮರಿಗಳನ್ನು ಅದರ ಹಾಡಿಗಾಗಿಯೇ ಹಿಡಿದು ಪಂಜರದಲ್ಲಿ ಸಾಕುತ್ತಿದ್ದರು. ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಈಗ ಅದು ಅಪರಾಧ.

ಹಾಡನ್ನು ಮೊಬೈಲಿನಲ್ಲಿ ಹಿಡಿಯುವುದು

ಮುದ್ರಿಸಿಕೊಳ್ಳಲು ದುಬಾರಿ ಸಲಕರಣೆ ಬೇಕಿಲ್ಲ, ಆದರೆ ಹಳ್ಳದ ಸದ್ದನ್ನು ತಡೆಯುವ ಉಪಾಯ ಬೇಕು. ದೊಡ್ಡ ಬಂಡೆಯೊಂದು ನಿಮಗೂ ನೀರಿಗೂ ನಡುವೆ ಬರುವಂತೆ ಕುಳಿತು, ಮೊಬೈಲಿನ ಮೈಕನ್ನು ಹಕ್ಕಿಯ ಕಡೆಗೆ ತಿರುಗಿಸಿ, ಕೈಯಲ್ಲಿ ಹಿಡಿಯದೆ ಮಡಚಿದ ಒಣ ಟವೆಲಿನ ಮೇಲಿಟ್ಟರೆ ಅರ್ಧದಷ್ಟು ಗದ್ದಲ ಕಡಿಮೆಯಾಗುತ್ತದೆ. ಸಾಧ್ಯವಿದ್ದರೆ ವೇವ್ ಮಾದರಿಯ ಕಡತವಾಗಿ ಉಳಿಸಿ. ಎಂಪಿತ್ರೀ ಮಾಡಿದರೆ ಸೂಕ್ಷ್ಮ ವಿವರಗಳು ಕಳೆದುಹೋಗುತ್ತವೆ. ಮುದ್ರಣದ ಕೊನೆಯಲ್ಲಿ ಮೆಲುದನಿಯಲ್ಲಿ ದಿನಾಂಕ, ಸಮಯ, ಜಾಗ, ಮಳೆ ಇತ್ತೋ ಇಲ್ಲವೋ ಎಂಬುದನ್ನು ಹೇಳಿಬಿಡಿ. ಕಾಗದ ನೆನೆಯುವ ಕಾಡಿನಲ್ಲಿ ಇದಕ್ಕಿಂತ ಗಟ್ಟಿಯಾದ ಟಿಪ್ಪಣಿಯಿಲ್ಲ. ಮನೆಗೆ ಬಂದ ಮೇಲೆ ಹಕ್ಕಿ ನೋಡುವವರ ದಾಖಲೆಗಳನ್ನು ಕೂಡಿಡುವ ಈಬರ್ಡ್ ಜಾಲತಾಣದಲ್ಲಿ ಅದನ್ನು ಸೇರಿಸಿದರೆ ಬೇರೆಯವರಿಗೂ ಒದಗುತ್ತದೆ.

ಚಳಿಗಾಲದಲ್ಲಿ, ನಮ್ಮ ಜಿಲ್ಲೆಗಳಲ್ಲೇ

ಹಿಂಗಾರು ಮುಗಿದು ಹಾಡು ನಿಂತ ಮೇಲೆ ಕೆಲವು ಸಿಳ್ಳಾರಗಳು ತಮ್ಮ ಹಳ್ಳಗಳನ್ನು ಬಿಟ್ಟು ಅಲೆದಾಡುತ್ತವೆ. ಹಾಗಾಗಿ ನ್ಯಾಮತಿ, ಹೊನ್ನಾಳಿ, ಚನ್ನಗಿರಿಯ ಕಾಡಂಚಿನ ಹಳ್ಳಗಳಲ್ಲಿ ಓಡಾಡುವವರು ನವೆಂಬರಿನಿಂದ ಫೆಬ್ರವರಿಯವರೆಗೆ ಕಿರ್ರೀ ಎಂಬ ಆ ಚೀರಿಗೆ ಒಂದು ಕಿವಿಯನ್ನು ಮೀಸಲಿಡಬೇಕು. ಚಿತ್ರದುರ್ಗದ ಕೋಟೆಯಲ್ಲೋ ಜೋಗಿಮಟ್ಟಿಯ ಬಂಡೆಗಳ ಮೇಲೋ ನೀಲಿ ಹಕ್ಕಿಯೊಂದು ಒಂಟಿಯಾಗಿ ಕುಳಿತದ್ದು ಕಂಡರೆ ಮಾತ್ರ ಅವಸರಪಡಬೇಡಿ. ಚಳಿಗಾಲಕ್ಕೆ ಉತ್ತರದಿಂದ ಬಂದು ಒಣ ಬಂಡೆ, ಹಳೆಯ ಗೋಡೆಗಳನ್ನು ಆಶ್ರಯಿಸುವ ನೀಲಿ ಬಂಡೆಸಿಳ್ಳಾರ ಎಂಬ ಬೇರೆಯೇ ಹಕ್ಕಿಯಿದೆ. ಅದು ಇದಕ್ಕಿಂತ ಚಿಕ್ಕದು. ಗಂಡಿನ ಮೈಯೆಲ್ಲ ಮಾಸಿದ ನೀಲಿ, ಹೆಣ್ಣಿನ ಮೈ ಬೂದುಗಂದು, ಎದೆಯ ಮೇಲೆ ಪೊರೆಪೊರೆಯಾದ ಗೆರೆಗಳು. ಬಾಲವನ್ನು ಬೀಸಣಿಗೆಯಂತೆ ಅರಳಿಸುವುದಿಲ್ಲ, ನೀರಿನ ಹಂಗೂ ಅದಕ್ಕಿಲ್ಲ. ಹಣೆಯಲ್ಲಿ ನೀಲಿ ಮಚ್ಚೆ, ಮೈ ಕಪ್ಪು, ಬಾಲ ಅರಳಿಸುವ ಚಾಳಿ, ಈ ಮೂರೂ ಒಟ್ಟಿಗೆ ಕಂಡರೆ ಮೊದಲು ಒಂದು ಚಿತ್ರ ತೆಗೆದುಕೊಳ್ಳಿ, ಆಮೇಲೆ ಹತ್ತಿರದಲ್ಲಿ ಎಲ್ಲಾದರೂ ಜಿನುಗುವ ನೀರಿದೆಯೇ ಎಂದು ಸುತ್ತ ನೋಡಿ ಅದನ್ನೂ ಬರೆದಿಟ್ಟುಕೊಳ್ಳಿ.